ಬಿಲ್ ನಿಲ್ಲೋದು ಸ್ಟೋರ್‌ನಲ್ಲಿ
ಅನುಮೋದನೆಯ ಹಂತ ಕಡಿಮೆ ಮಾಡಿದರೆ ಸಪ್ಲೈಯರ್ ಬಿಲ್ ಬೇಗ ಪಾಸಾಗುತ್ತೆ ಅಂತ ಲೇಖನವೊಂದು ಹೇಳುತ್ತೆ, ಆ ಮಾತು ಒಪ್ಪೋದು ಕಷ್ಟ. ಇಆರ್‌ಪಿಯಲ್ಲಿ (ಕಂಪನಿಯ ಖರೀದಿ, ಸ್ಟಾಕ್, ಲೆಕ್ಕ ಎಲ್ಲ ನೋಡೋ ಸಾಫ್ಟ್‌ವೇರ್) ಪಿಒ (ಖರೀದಿ ಆರ್ಡರ್), ಜಿಆರ್‌ಎನ್ (ಮಾಲು ಬಂತು ಅಂತ ಸ್ಟೋರ್, ಅಂದರೆ ಗೋದಾಮು, ಹಾಕೋ ದಾಖಲೆ), ಇನ್‌ವಾಯ್ಸ್ (ಸಪ್ಲೈಯರ್ ಬಿಲ್) ಮೂರೂ ತಾಳೆಯಾಗದಿದ್ದರೆ ಪೇಮೆಂಟ್ ಬ್ಲಾಕ್ ಆಗುತ್ತೆ, ಯಾರು ಸಹಿ ಹಾಕಿದರೂ ಅಷ್ಟೇ. ತಾಳೆ ತಪ್ಪೋದು ಹೀಗೆ: ಪಿಒ ಕೆಜಿಯಲ್ಲಿ, ಇನ್‌ವಾಯ್ಸ್ ಪೀಸ್ ಲೆಕ್ಕದಲ್ಲಿ. ಪಿಒದಲ್ಲಿ ಇಲ್ಲದ ಲಾರಿ ಬಾಡಿಗೆ ಬಿಲ್ಲಿನಲ್ಲಿ. ಮಾಲು ಸೋಮವಾರ ಇಳಿದರೂ ಸ್ಟೋರ್‌ನವರು ಜಿಆರ್‌ಎನ್ ಹಾಕೋದು ಶುಕ್ರವಾರ. (ಬೈಸಿಕೊಳ್ಳೋದು ಮಾತ್ರ ಅಕೌಂಟ್ಸ್‌ನವರು!)

ಇನ್ನು ಸಪ್ಲೈಯರ್ ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿದ್ದರೆ, ಹಣ ಕೊಡೋಕೆ 2006ರ ಎಂಎಸ್‌ಎಂಇಡಿ ಕಾಯ್ದೆ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ) ಇಟ್ಟಿರೋ ಗರಿಷ್ಠ 45 ದಿನದ ಗಡುವು. ಮಾಲು ಕೊಂಡವರು 15 ದಿನದೊಳಗೆ ಲಿಖಿತ ತಕರಾರು ಎತ್ತದಿದ್ದರೆ ಲೆಕ್ಕ ಶುರುವಾಗೋದು ಮಾಲು ತಲುಪಿದ ದಿನದಿಂದಲೇ. ಪೇಮೆಂಟ್ ಟರ್ಮ್ಸ್‌ನಲ್ಲಿ ಬೇಸ್‌ಲೈನ್ ದಿನಾಂಕವನ್ನು (ಸಿಸ್ಟಂ ದಿನ ಎಣಿಸೋಕೆ ಶುರುಮಾಡೋ ದಿನ) ಬಿಲ್ ಪೋಸ್ಟಿಂಗ್‌ಗೆ, ಅಂದರೆ ಬಿಲ್ ಲೆಕ್ಕಕ್ಕೆ ಹತ್ತಿಸಿದ ದಿನಕ್ಕೆ ಕಟ್ಟಿದ್ದರೆ, ಸಿಸ್ಟಂ ಇನ್ನೂ ಟೈಮಿದೆ ಅನ್ನುವಾಗಲೇ ಗಡುವು ಮುಗಿದಿರುತ್ತೆ. ಬೇಸ್‌ಲೈನ್ ದಿನಾಂಕವನ್ನು ಜಿಆರ್‌ಎನ್‌ನ ಎಂಟ್ರಿ ದಿನಕ್ಕಲ್ಲ, ಮಾಲು ಗೇಟ್ ಒಳಗೆ ಬಂದ ಗೇಟ್ ಎಂಟ್ರಿ ದಿನಕ್ಕೆ ಜೋಡಿಸಿ.