ಹಡಗು ಹತ್ತಿದರೆ ಪಾಪವಿಲ್ಲ

ಪಾಪಕ್ಕೂ ಸರಹದ್ದು ಇರುತ್ತದೆಯೆಂಬ ಸೂಕ್ಷ್ಮವನ್ನು ಸಂವಿಧಾನದಲ್ಲಿಯೇ ಬರೆದಿಟ್ಟ ಕೀರ್ತಿ ಐರ್ಲೆಂಡಿಗೆ ಸಲ್ಲಬೇಕು. ಆ ದೇಶದವರು 1983ರಲ್ಲಿ ಚರ್ಚಿನ ಆಶೀರ್ವಾದದೊಂದಿಗೆ ಜನಮತಗಣನೆ ನಡೆಸಿ, ಗರ್ಭದೊಳಗಿನ ಜೀವಕ್ಕೂ ಅದನ್ನು ಹೊತ್ತ ತಾಯಿಗೂ ಬದುಕುವ ಹಕ್ಕು ಸರಿಸಮವೆಂಬ ಎಂಟನೆಯ ತಿದ್ದುಪಡಿಯನ್ನು ಒಪ್ಪಿಕೊಂಡರು. 1992ರಲ್ಲಿ ಅತ್ಯಾಚಾರದಿಂದ ಬಸಿರಾದ 14 ವರ್ಷದ ಬಾಲಕಿಯೊಬ್ಬಳು ಗರ್ಭ ತೆಗೆಸಲು ಇಂಗ್ಲೆಂಡಿಗೆ ಹೋಗಕೂಡದೆಂದು ಅಲ್ಲಿನ ಹೈಕೋರ್ಟು ತಡೆಯಾಜ್ಞೆ ಕೊಟ್ಟಿತು. ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. ವರ್ಷ ಮುಗಿಯುವುದರೊಳಗೆ ಮತ್ತೊಮ್ಮೆ ಜನಮತ ಪಡೆದು, ಎಂಟನೆಯ ತಿದ್ದುಪಡಿಯಿಂದ ಯಾರ ಪರದೇಶ ಪ್ರಯಾಣಕ್ಕೂ ಅಡ್ಡಿಯಾಗದೆಂಬ ಸಾಲನ್ನು ಸೇರಿಸಲಾಯಿತು. ಹೀಗೆ, ಡಬ್ಲಿನ್ನಿನ ದಡದಲ್ಲಿ ಮಹಾಪಾತಕವಾಗಿದ್ದುದು ಲಿವರ್‌ಪೂಲಿನ ದಡ ಮುಟ್ಟುವಷ್ಟರಲ್ಲಿ ಬರಿಯ ಪ್ರವಾಸವಾಯಿತು. ಟಿಕೆಟ್ಟಿಗೆ ದುಡ್ಡಿಲ್ಲದವರ ಮಟ್ಟಿಗೆ ಮಾತ್ರ ಧರ್ಮವು ಪೂರ್ತಿ ಜಾರಿಯಲ್ಲಿತ್ತು.

ಹಡಗು ಹತ್ತುವ ಸ್ಥಿತಿಯಲ್ಲೇ ಇಲ್ಲದವರು ಏನು ಮಾಡಬೇಕೆಂಬುದನ್ನು ಈ ಏರ್ಪಾಡಿನಲ್ಲಿ ಯಾರೂ ಯೋಚಿಸಿರಲಿಲ್ಲ. ತಾಯಿಯ ಪ್ರಾಣಕ್ಕೆ ನಿಜವಾದ ಅಪಾಯವಿದ್ದರೆ ಗರ್ಭ ತೆಗೆಯಬಹುದೆಂದು ಸುಪ್ರೀಂ ಕೋರ್ಟು 1992ರಲ್ಲೇ ಹೇಳಿತ್ತಾದರೂ, ಆ ಮಾತಿಗೆ ಕಾಯ್ದೆಯ ರೂಪ ಕೊಟ್ಟು ಬಿಷಪ್ಪರ ಕಣ್ಣಿಗೆ ಬೀಳಲು ಯಾವ ಸರ್ಕಾರಕ್ಕೂ ಧೈರ್ಯವಾಗಲಿಲ್ಲ. ಹಾಗಾಗಿ ವೈದ್ಯರ ಪಾಲಿಗೆ ಉಳಿದದ್ದು ವಿಚಿತ್ರವಾದ ಕೆಲಸ: ಅಪಾಯವು ಕಾನೂನಿಗೆ ಒಪ್ಪುವಷ್ಟು ಬೆಳೆಯುವವರೆಗೆ ಹಾಸಿಗೆಯ ಪಕ್ಕದಲ್ಲಿ ಕಾಯುವುದು. ಅಷ್ಟು ಬೆಳೆದ ಮೇಲೆ ಕಾನೂನೇನೋ ಒಪ್ಪುತ್ತದೆ, ರೋಗ ಒಪ್ಪುವುದಿಲ್ಲ.

ಬೆಳಗಾವಿಯ ಸವಿತಾ ಹಾಲಪ್ಪನವರ ವಿಷಯದಲ್ಲಿ ಆದದ್ದು ಇದೇ. 31 ವರ್ಷದ ಈ ದಂತವೈದ್ಯೆ 17 ವಾರಗಳ ಬಸುರಿಯಾಗಿ, ಬೆನ್ನುನೋವೆಂದು 2012ರ ಅಕ್ಟೋಬರ್ 21ರಂದು ಐರ್ಲೆಂಡಿನ ಗಾಲ್ವೇ ನಗರದ ಆಸ್ಪತ್ರೆಗೆ ಹೋದರು. ಗರ್ಭ ನಿಲ್ಲುವುದಿಲ್ಲವೆಂಬುದು ವೈದ್ಯರಿಗೂ ಗೊತ್ತಿತ್ತು, ಸವಿತಾರಿಗೂ ಗೊತ್ತಿತ್ತು. ತೆಗೆದುಬಿಡಿ ಎಂದು ಕೇಳಿಕೊಂಡಾಗ, ಭ್ರೂಣದ ಎದೆಬಡಿತ ಇನ್ನೂ ಇದೆಯೆಂಬ ಕಾರಣಕ್ಕೆ ಆಗುವುದಿಲ್ಲವೆಂಬ ಉತ್ತರ ಬಂತು. ಇದು ಕ್ಯಾಥೋಲಿಕ್ ದೇಶವೆಂದು ತಾನು ಆಕೆಗೆ ಹೇಳಿದ್ದು ನಿಜವೆಂದು ಸೂಲಗಿತ್ತಿ ದಾದಿಯೊಬ್ಬರು ಆಮೇಲೆ ವಿಚಾರಣೆಯಲ್ಲಿ ಒಪ್ಪಿಕೊಂಡರು. ಅಕ್ಟೋಬರ್ 28ರಂದು ಸವಿತಾ ರಕ್ತದ ನಂಜಿನಿಂದ ತೀರಿಕೊಂಡರು. ತಾಯಿಯ ಜೀವ ಉಳಿಸಲು ನೇರ ಗರ್ಭಪಾತ ವೈದ್ಯಕೀಯವಾಗಿ ಅಗತ್ಯವೇ ಇಲ್ಲವೆಂಬ ಘೋಷಣೆಯೊಂದನ್ನು ಡಬ್ಲಿನ್ನಿನಲ್ಲಿ ಸೇರಿದ್ದ ಸಮ್ಮೇಳನವೊಂದು ಹೊರಡಿಸಿ ಆಗಿನ್ನೂ ಎರಡು ತಿಂಗಳು ತುಂಬಿರಲಿಲ್ಲ. ಘೋಷಣೆ ಮಾಡಿದವರ ಆರೋಗ್ಯ ಚೆನ್ನಾಗಿಯೇ ಇತ್ತು.

ಇದೇ ತೊಂದರೆ ಆಕೆಗೆ ತವರಿನಲ್ಲಿ ಬಂದಿದ್ದರೆ, ಗರ್ಭ ತೆಗೆಯಲು ಕಾಯ್ದೆ ಅಡ್ಡ ಬರುತ್ತಿರಲಿಲ್ಲ. 1971ರ ನಮ್ಮ ವೈದ್ಯಕೀಯ ಗರ್ಭಪಾತ ಕಾಯ್ದೆಯಂತೆ 20 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಸಾಕಿತ್ತು. ಪ್ರಾಣಕ್ಕೇ ಬಂದರೆ ಒಬ್ಬರೇ ಸಾಕಿತ್ತು. ಮುಂದುವರಿದ ದೇಶವೆಂದು ನಮ್ಮವರು ಸಾಲ ಮಾಡಿ ಮಕ್ಕಳನ್ನು ಕಳಿಸುವ ಐರ್ಲೆಂಡು, ಈ ಒಂದು ಸಂಗತಿಯಲ್ಲಿ ಗೋಕಾಕಿಗಿಂತ ನಾಲ್ಕು ದಶಕ ಹಿಂದಿತ್ತೆಂಬುದನ್ನು ತಿಳಿಯಲು ನಾವು ತೆತ್ತ ಬೆಲೆ ದೊಡ್ಡದು.

ಅನಂತರ ಐರ್ಲೆಂಡ್ ಸರ್ಕಾರ 2013ರಲ್ಲಿ ಕಾಯ್ದೆ ಮಾಡಿತು. ಹೆಂಗಸು ಆತ್ಮಹತ್ಯೆ ಮಾಡಿಕೊಂಡಾಳೆಂಬ ಕಾರಣಕ್ಕೆ ಗರ್ಭ ತೆಗೆಯಬೇಕಾದರೆ, ಆ ಅಪಾಯವಿದೆಯೆಂದು ಮೂವರು ವೈದ್ಯರು, ಅದರಲ್ಲೂ ಇಬ್ಬರು ಮನೋವೈದ್ಯರು, ಒಮ್ಮತದಿಂದ ಬರೆದುಕೊಡಬೇಕಿತ್ತು. ಕಾಯ್ದೆ ಮೀರಿದರೆ 14 ವರ್ಷದವರೆಗೆ ಸೆರೆಯಿತ್ತು. ಇಷ್ಟು ಬಿಗಿಯಾದ ಕಾಯ್ದೆಯನ್ನೂ ಬಿಷಪ್ಪರು ಅತಿ ಸಡಿಲವೆಂದು ವಿರೋಧಿಸಿದರು. ಹುಟ್ಟದ ಮಕ್ಕಳ ಮೇಲೆ ಅವರಿಗಿದ್ದ ಮಮತೆಯನ್ನು ನಾನು ಶಂಕಿಸುವುದಿಲ್ಲ. ಹುಟ್ಟಿದ ಮಕ್ಕಳ ಲೆಕ್ಕ ಮಾತ್ರ ಬೇರೆ ಪುಸ್ತಕದಲ್ಲಿದೆ. ಅದೇ ಗಾಲ್ವೇ ಸೀಮೆಯ ಟ್ಯೂಮ್ ಎಂಬ ಊರಿನಲ್ಲಿ, ಮದುವೆಯಾಗದೆ ಬಸಿರಾದವರಿಗೆಂದು ಕ್ರೈಸ್ತ ಸನ್ಯಾಸಿನಿಯರು 1925ರಿಂದ 1961ರವರೆಗೆ ನಡೆಸಿದ ಆಶ್ರಮದಲ್ಲಿ 796 ಮಕ್ಕಳು ತೀರಿಕೊಂಡ ದಾಖಲೆಯಿದೆ, ಹೂಳಿದ ದಾಖಲೆಯಿಲ್ಲ. ಹೊಲಸು ನೀರಿಗೆಂದು ಕಟ್ಟಿದಂತಿದ್ದ ನೆಲದಡಿಯ ಕೋಣೆಗಳಲ್ಲಿ ಮಕ್ಕಳ ಅಸ್ಥಿಗಳು ಸಿಕ್ಕಿದ್ದನ್ನು ವಿಚಾರಣಾ ಆಯೋಗವು 2017ರಲ್ಲಿ ತಿಳಿಸಿತು. ಸಂವಿಧಾನದ ರಕ್ಷಣೆ ಬೇಕಿದ್ದರೆ ಹುಟ್ಟದೆಯೇ ಇರಬೇಕು ಎಂದಾಯಿತು.

2018ರ ಮೇ ತಿಂಗಳಲ್ಲಿ ಶೇ. 66.4ರಷ್ಟು ಮತದಾರರು ಎಂಟನೆಯ ತಿದ್ದುಪಡಿಯನ್ನು ಕಿತ್ತುಹಾಕಿದರು. ಮತಕ್ಕೆ ಮೊದಲು ಬೆಳಗಾವಿಯಿಂದ ಸವಿತಾ ಅವರ ತಂದೆ ತಮ್ಮ ಮಗಳನ್ನು ನೆನೆಯಿರೆಂದು ಅಲ್ಲಿನ ಜನರಲ್ಲಿ ವಿನಂತಿಸಿಕೊಂಡಿದ್ದರು. ಹೊಸ ಕಾಯ್ದೆಯಲ್ಲೂ ಧರ್ಮಕ್ಕೆ ಒಂದಿಷ್ಟು ಜಾಗ ಉಳಿದಿದೆ: ವೈದ್ಯರು ಒಪ್ಪಿದ ಮೇಲೂ ಹೆಂಗಸು ಮೂರು ದಿನ ಕಾಯಬೇಕು. ವಾರಗಟ್ಟಲೆ ಯೋಚಿಸಿ ಬಂದವಳು ಇನ್ನೂ ಮೂರು ದಿನ ಯೋಚಿಸಲಿ ಎಂಬುದು ಅದರ ಹಿಂದಿನ ಕರುಣೆ.

ಇಷ್ಟು ಓದಿ ನಮ್ಮ ಧರ್ಮ ಹೀಗಿಲ್ಲವಪ್ಪ ಎಂದು ನಿಟ್ಟುಸಿರು ಬಿಡುವ ಸಜ್ಜನರು ಬೆಳಗಾವಿ, ಬಾಗಲಕೋಟೆ, ವಿಜಯಪುರಗಳಲ್ಲಿ ಬಹಳ ಮಂದಿ ಇದ್ದಾರೆ. ಅವರ ಮಾತು ನಿಜ. ನಮ್ಮಲ್ಲಿ ಗರ್ಭಪಾತ ಕಾಯ್ದೆಯ ವಿರುದ್ಧ ಪಲ್ಲಕ್ಕಿ ಹೊರಟದ್ದನ್ನು ಯಾರೂ ಕಂಡಿಲ್ಲ. ಭ್ರೂಣಹತ್ಯೆ ಮಹಾಪಾಪವೆಂಬ ಮಾತು ನಮ್ಮ ಶಾಸ್ತ್ರಗಳಲ್ಲೂ ಇದೆ, ಆದರೆ ಅದೇ ಶಾಸ್ತ್ರಗಳಲ್ಲಿ ಗಂಡುಮಗುವಿಗಾಗಿ ಮಾಡುವ ಪುಂಸವನವೂ ಇದೆ. ಸೊಸೆ ಕಾಲಿಗೆರಗಿದರೆ ಅಷ್ಟಪುತ್ರಸೌಭಾಗ್ಯವತಿಯಾಗೆಂದು ಹರಸುವ ಹಿರಿಯರು, ಒಂಬತ್ತನೆಯದಾದರೂ ಹೆಣ್ಣಾಗಲಿ ಎನ್ನುವುದಿಲ್ಲ. ಲಿಂಗಪತ್ತೆಯನ್ನು 1994ರ ಕಾಯ್ದೆ ನಿಷೇಧಿಸಿತು. ಸ್ಕ್ಯಾನಿಂಗ್ ಸೆಂಟರುಗಳ ಗೋಡೆಗೆ ಫಲಕ ಬಂತು. 2017ರ ಮಾರ್ಚಿನಲ್ಲಿ ನಮ್ಮ ಗಡಿಗೆ ಅಂಟಿಕೊಂಡಿರುವ ಸಾಂಗ್ಲಿ ಜಿಲ್ಲೆಯ ಮ್ಹೈಸಾಳದಲ್ಲಿ 19 ಭ್ರೂಣಗಳು ಸಿಕ್ಕವು. 2022ರ ಜೂನ್‌ನಲ್ಲಿ ನಮ್ಮದೇ ಮೂಡಲಗಿಯ ಹಳ್ಳದಲ್ಲಿ, ಡಬ್ಬಿಗಳಲ್ಲಿ, ಏಳು ಸಿಕ್ಕವು. ಆಗ ಪೊಲೀಸರು ಬಂದರು, ಆರೋಗ್ಯಾಧಿಕಾರಿಗಳು ಬಂದರು, ಪತ್ರಿಕೆಯವರು ಬಂದರು. ಪ್ರವಚನಗಳು ಎಂದಿನಂತೆ ನಡೆದವು. ಅವುಗಳಲ್ಲಿ ಆಹಾರದ ಮಡಿ, ಯುವಕರ ಉಡುಪು, ಮೊಬೈಲಿನ ದುಷ್ಪರಿಣಾಮ ಇತ್ಯಾದಿ ಗಹನ ವಿಷಯಗಳಿದ್ದವು. ರಜಸ್ಸೂತಕ, ಜನನಸೂತಕಗಳನ್ನು ಹನ್ನೆರಡನೆಯ ಶತಮಾನದಲ್ಲೇ ತಳ್ಳಿಹಾಕಿದ ಶರಣರ ನೆಲವಿದು. ಕೂಡಲಸಂಗಮ ಇರುವುದು ಬಾಗಲಕೋಟೆ ಜಿಲ್ಲೆಯಲ್ಲೇ ಎಂಬುದನ್ನು ಪ್ರವಾಸೋದ್ಯಮ ಇಲಾಖೆಯ ಫಲಕಗಳಾದರೂ ನೆನಪಿಟ್ಟಿವೆ.

ಮನೆಯ ಹಿರಿಯರು ಸೇರಿ ತೀರ್ಮಾನಿಸಿದರೆ ಅದು ಸಂಸಾರದ ಗುಟ್ಟು, ಹೆಂಗಸು ಒಬ್ಬಳೇ ತೀರ್ಮಾನಿಸಿದರೆ ಅದು ಪಾಪ: ನಮ್ಮ ಧರ್ಮಸೂಕ್ಷ್ಮ ಇರುವುದು ಇಲ್ಲಿ. ಕಾಯ್ದೆ ಮಾಡಿದವರೂ ಇದನ್ನು ಬಲ್ಲವರೇ. ಗರ್ಭನಿರೋಧಕ ಕೈಕೊಟ್ಟದ್ದರಿಂದ ನಿಂತ ಗರ್ಭವನ್ನು ತೆಗೆಸಬಹುದೆಂದು 1971ರಲ್ಲಿ ಬರೆಯುವಾಗ ‘ವಿವಾಹಿತ ಮಹಿಳೆ ಅಥವಾ ಆಕೆಯ ಪತಿ’ ಎಂದೇ ಬರೆದರು. 50 ವರ್ಷ ಈ ದೇಶದ ನಿರೋಧ್ ತಾಳಿ ಕಟ್ಟಿದವರಿಗೆ ಮಾತ್ರ ಹರಿಯಿತು. ಮದುವೆಯಾಗದವರ ಬಳಿ ಅದು ಕಾನೂನುಬದ್ಧವಾಗಿ ಅಭೇದ್ಯವಾಗಿತ್ತು. 2021ರ ತಿದ್ದುಪಡಿಯಲ್ಲಿ ಪತಿ ಹೋಗಿ ಸಂಗಾತಿ ಬಂದ. ನಿರ್ದಿಷ್ಟ ವರ್ಗದ ಮಹಿಳೆಯರಿಗೆ ಗಡುವು 24 ವಾರಕ್ಕೇರಿತು. ಆ ವರ್ಗದಲ್ಲಿ ಅವಿವಾಹಿತರೂ ಸೇರುತ್ತಾರೆಂದು 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು ಬಿಡಿಸಿ ಹೇಳಿತು.

ದೆಹಲಿಯಲ್ಲಿ ಹೇಳಿದ್ದು ಜಿಲ್ಲಾ ಕೇಂದ್ರದ ಒಪಿಡಿ ಚೀಟಿಯವರೆಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. 18 ತುಂಬಿದ ಹೆಂಗಸಿನ ಒಪ್ಪಿಗೆಯೊಂದೇ ಸಾಕೆಂದು ಕಾಯ್ದೆಯಲ್ಲಿದೆ. ಅದಕ್ಕೆಂದೇ ‘ಸಿ’ ನಮೂನೆಯಿದೆ. ಆ ನಮೂನೆಯಲ್ಲಿ ಗಂಡನ ಸಹಿಗೆ ಜಾಗವೇ ಇಲ್ಲ. ಜಾಗವಿಲ್ಲದಿದ್ದರೇನಂತೆ, ಹಾಳೆಗೆ ಬೆನ್ನು ಎಂಬುದೊಂದು ಇದೆಯಲ್ಲ. ಕೊರಳು ನೋಡಿ, ಕಾಲುಂಗುರ ನೋಡಿ, ಯಾರು ಬಂದಿದ್ದಾರಮ್ಮ ಜೊತೆಗೆ ಎಂದು ಕೇಳುವ ಮೇಜಿನ ಮುಂದೆ ಗಂಡ ಬಂದರೆ ಉತ್ತಮ. ಗಂಡನಿಲ್ಲದಿದ್ದರೆ ತಂದೆ, ತಂದೆಯಿಲ್ಲದಿದ್ದರೆ ಅಣ್ಣ, ಅಣ್ಣನೂ ಇಲ್ಲದಿದ್ದರೆ ಊರಿನ ಯಾರಾದರೂ ಹಿರಿಯರು ನಡೆಯುತ್ತದೆ. ಸಹಿ ಹಾಕುವ ಕೈಯಲ್ಲಿ ಬಳೆ ಇರಬಾರದು, ಅಷ್ಟೆ.