ಪಾಲಿಸಿ ನನ್ನದು, ಕಾಯಿಲೆ ಮಗಳದ್ದು

ಕಳೆದ ತಿಂಗಳು ಒಂದು ಮಧ್ಯಾಹ್ನ ಗಾಂಧಿಬಜಾರಿನಲ್ಲಿ ಸಪೋಟ ಆರಿಸುತ್ತಾ ನಿಂತಿದ್ದೆ. ಫೋನಿಗೆ ಮೆಸೇಜು ಬಂತು. ಮಗಳ ಹೆಸರು, ಒಂದು ಆಸ್ಪತ್ರೆಯ ಹೆಸರು, ಕ್ಲೇಮ್ ನಂಬರು. ಹಣ್ಣನ್ನು ಅಲ್ಲೇ ಬಿಟ್ಟೆ. ಅವಳು ಮಾರತ್ತಹಳ್ಳಿ ಕಡೆ ಪಿಜಿಯಲ್ಲಿದ್ದಾಳೆ. ಹಿಂದಿನ ದಿನವಷ್ಟೇ ಫೋನಿನಲ್ಲಿ "ಆಫೀಸಲ್ಲಿ ಕೆಲಸ ಜಾಸ್ತಿ, ಈ ವಾರ ಬರಲ್ಲ" ಅಂದಿದ್ದಳು.

ಆಟೋ ಹತ್ತಿ ಹೋದೆ. ಸಿಲ್ಕ್ ಬೋರ್ಡ್ ದಾಟುವ ಹೊತ್ತಿಗೆ ಎಲ್ಲಾ ದೇವರೂ ಮುಗಿದಿದ್ದರು. ವಾರ್ಡಿನ ಬಾಗಿಲಲ್ಲಿ ನನ್ನನ್ನು ನೋಡಿ ಅವಳ ಮುಖ ಬಿಳಿಚಿಕೊಂಡಿತು.

"ಅಪ್ಪ, ನಿಂಗೆ ಯಾರು ಹೇಳಿದ್ರು?"

"ಇನ್ಶೂರೆನ್ಸ್‌ನೋರು."

ಏನು ಕಾಯಿಲೆ ಅಂತ ಇಲ್ಲಿ ಬರೆಯುವುದಿಲ್ಲ. ಕಾಮೆಂಟಿನಲ್ಲೂ ಕೇಳಬೇಡಿ. ಈಗ ಹುಷಾರಾಗಿದ್ದಾಳೆ. ಇದನ್ನು ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ, ಎರಡು ಸಾಲು ಅಳಿಸಿಯೂ ಕೊಟ್ಟಿದ್ದಾಳೆ.

ಆಗಿದ್ದು ಇಷ್ಟು. ಅವಳಿಗೆ ಎರಡು ಪಾಲಿಸಿ. ಅವಳು ಕೆಲಸ ಮಾಡುವ ಕಂಪನಿಯ ಗ್ರೂಪ್ ಪಾಲಿಸಿ 3 ಲಕ್ಷದ್ದು. ಅವಳು ಸ್ಕೂಲಿನಲ್ಲಿದ್ದಾಗಿಂದ ನಾನು ಕಟ್ಟಿಕೊಂಡು ಬಂದಿರುವ, ಮನೆಯವರಿಗೆಲ್ಲ ಸೇರಿ ಒಂದೇ ಆದ ಫ್ಯಾಮಿಲಿ ಫ್ಲೋಟರ್ ಪಾಲಿಸಿ ಇನ್ನೊಂದು. ಎರಡಿದ್ದರೆ ಯಾವುದರಲ್ಲಿ ಕ್ಲೇಮ್ ಮಾಡಬೇಕು ಅನ್ನುವುದು ನಮ್ಮ ಇಷ್ಟ. ಅವಳು ಬೇಕೆಂದೇ ಕಂಪನಿಯದ್ದನ್ನು ಆರಿಸಿಕೊಂಡಿದ್ದಳು. ಆದರೆ ಕ್ಯಾಶ್‌ಲೆಸ್ ಫಾರ್ಮಿನಲ್ಲಿ "ಬೇರೆ ಮೆಡಿಕ್ಲೇಮ್ ಇದೆಯಾ?" ಅಂತ ಒಂದು ಪ್ರಶ್ನೆ ಇರುತ್ತದೆ. ಸುಳ್ಳು ಬರೆಯೋದು ಬೇಡ ಅಂತ ನನ್ನ ಪಾಲಿಸಿ ನಂಬರು ಬರೆದಳು. ಬಿಲ್ಲು 3 ಲಕ್ಷ ದಾಟಿತು. ಬಾಕಿ ಹಣಕ್ಕೆ ಕಾಗದವೆಲ್ಲ ನನ್ನ ಇನ್ಶೂರೆನ್ಸ್ ಕಂಪನಿಗೆ ಹೋಯಿತು, ಅಲ್ಲಿಂದ ಮೆಸೇಜು ನನಗೆ.

2024ರ ಮೇ ತಿಂಗಳಲ್ಲಿ ವಿಮಾ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ ಒಂದು ಸುತ್ತೋಲೆ ಹೊರಡಿಸಿತ್ತು. ಮೊದಲ ಪಾಲಿಸಿ ಸಾಲದೇ ಹೋದರೆ ಆ ಕಂಪನಿಯೇ ಇನ್ನೊಂದು ಪಾಲಿಸಿಯ ವಿವರ ಕೇಳಿ, ಅವರ ಜೊತೆ ಮಾತಾಡಿ ಬಾಕಿ ಕೊಡಿಸಬೇಕು ಅಂತ. ಒಳ್ಳೆಯ ನಿಯಮವೇ. ನಾವು ಜೆರಾಕ್ಸ್ ಹಿಡಿದು ಎರಡು ಆಫೀಸು ಅಲೆಯುವುದು ತಪ್ಪುತ್ತದೆ. ಆದರೆ ದುಡ್ಡು ಸುಮ್ನೆ ಬರುವುದಿಲ್ಲ. ಅದಕ್ಕಾಗಿ ಡಿಸ್ಚಾರ್ಜ್ ಸಮ್ಮರಿ, ಲ್ಯಾಬ್ ರಿಪೋರ್ಟು, ಔಷಧಿ ಚೀಟಿ ಎಲ್ಲಾ ಎರಡನೇ ಕಡೆಗೂ ಹೋಗುತ್ತವೆ. ರೋಗಿಯ ಗುಟ್ಟು ಕಾಯಬೇಕು ಅಂತ ಡಾಕ್ಟರಿಗೆ 2002ರಿಂದ ಬರಹದಲ್ಲಿರುವ ನಿಯಮ ಇದೆ. ನಮ್ಮ ಡಾಕ್ಟರು ಪಾಪ, ನನಗೂ "ಮಗಳನ್ನೇ ಕೇಳಿ ಸಾರ್" ಅಂದರು. ಅವರು ಬಾಯಿ ಬಿಡದಿದ್ದದ್ದು ಮೂರು ದಿನದಲ್ಲಿ ಪಿಡಿಎಫ್ ಆಗಿ ನನ್ನ ಮೇಲ್‌ಗೆ ಬಂತು.

ನಾನು ಅದನ್ನು ಓದಿದೆ. ಎರಡು ಸಲ ಓದಿದೆ. ಓದಬಾರದಿತ್ತು ಅಂತ ಈಗ ಹೇಳುವುದು ಸುಲಭ.

ಮನೆಯಲ್ಲಿ ಇದರ ಮೇಲೆ ಜಗಳವೂ ಆಯಿತು. "ಹೆತ್ತವರಿಗೆ ಹೇಳದೆ ಇನ್ಯಾರಿಗೆ ಹೇಳ್ತಾಳೆ?" ಅನ್ನುತ್ತಾಳೆ ನನ್ನ ಹೆಂಡತಿ. ಅವಳ ಸಂಕಟ ನನಗೂ ಗೊತ್ತು. ಆವತ್ತು ಆ ಮೆಸೇಜು ಬರದಿದ್ದರೆ ಮಗಳು ಅಲ್ಲಿ ಒಬ್ಬಳೇ ಇರುತ್ತಿದ್ದಳಲ್ಲ ಅಂತ ನಂಗೂ ಅನ್ನಿಸುತ್ತದೆ. ಆದರೆ ಮಗಳು ಹೇಳಿದ್ದು ಬೇರೆ. "ಹೇಳ್ತಾ ಇದ್ದೆ ಅಪ್ಪ. ಯಾವಾಗ, ಹೇಗೆ ಅಂತ ಯೋಚಿಸ್ತಾ ಇದ್ದೆ. ಅದನ್ನೂ ಅವರೇ ಮಾಡಿಬಿಟ್ರು." ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮದು ಹೋಗಲಿ, ಬೈದುಕೊಂಡು ಊಟ ಮಾಡುವ ಮನೆ. ಎಲ್ಲರ ಮನೆಯೂ ಹಾಗಿರುವುದಿಲ್ಲ. ಖಿನ್ನತೆ ಅಂತ ಅಡ್ಮಿಟ್ ಆಗುವ 22ರ ಹುಡುಗನನ್ನು ನೆನೆಸಿಕೊಳ್ಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅವನಿಗೆ ಗೋಪ್ಯತೆಯ ಹಕ್ಕು ಕೊಡುತ್ತದೆ. ಮೈಯ ಕಾಯಿಲೆಗೆ ಇರುವಂತೆ ಮನಸ್ಸಿನ ಕಾಯಿಲೆಗೂ ವಿಮೆ ಸಿಗಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಆದರೆ ಎರಡನೇ ಹಕ್ಕು ಬಳಸಲು ಹೋದ ಕೂಡಲೇ ಮೊದಲನೆಯದು ಅಪ್ಪನ ಮೊಬೈಲಿನಲ್ಲಿ ಟಿಂಗ್ ಅನ್ನುತ್ತದೆ. ಗರ್ಭಪಾತದ ಕಾನೂನಿನಲ್ಲಿ 18 ದಾಟಿದ ಹೆಣ್ಣಿನ ಒಪ್ಪಿಗೆ ಒಂದಿದ್ದರೆ ಸಾಕು, ಅವಳ ಹೆಸರನ್ನು ಡಾಕ್ಟರು ಹೊರಗೆ ಬಿಡುವ ಹಾಗಿಲ್ಲ. ಆದರೂ ಯಾವ ಹುಡುಗಿ ಅದಕ್ಕೆ ಅಪ್ಪನ ಪಾಲಿಸಿ ಮುಟ್ಟುತ್ತಾಳೆ? ಮಗಳ ಗೆಳತಿಯೊಬ್ಬಳು ಎರಡು ಪಾಲಿಸಿ ಇದ್ದೂ ಗೆಳೆಯರ ಹತ್ತಿರ ಸಾಲ ಮಾಡಿ ಆಸ್ಪತ್ರೆ ಬಿಲ್ಲು ಕಟ್ಟಿದಳಂತೆ. ಯಾಕೆ ಅಂತ ನಾನು ಕೇಳಲಿಲ್ಲ. ಇಷ್ಟಾದರೂ ಕಲಿತಿದ್ದೇನೆ.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜುಗಳು ಹೇಳಿದರಲ್ಲ, ಆ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇದೇ ಬೆಂಗಳೂರಲ್ಲಿದ್ದವರು. ಆ ತೀರ್ಪು ಇನ್ಶೂರೆನ್ಸ್ ಡೆಸ್ಕಿನವರೆಗೆ ಇನ್ನೂ ನಡೆದು ಬಂದಿಲ್ಲ.

ಅಮೆರಿಕದಲ್ಲಿ ಮಕ್ಕಳು 26 ವರ್ಷದವರೆಗೆ ಅಪ್ಪ ಅಮ್ಮನ ಪಾಲಿಸಿಯಲ್ಲಿ ಇರಬಹುದು. ಅಲ್ಲೂ ಇದೇ ತಲೆನೋವು, ಕ್ಲೇಮಿನ ವಿವರ ಮನೆಗೆ ಪೋಸ್ಟಿನಲ್ಲಿ ಬರುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ 2022ರ ಜುಲೈನಿಂದ ಸೂಕ್ಷ್ಮ ಚಿಕಿತ್ಸೆಗಳ ವಿವರವನ್ನು ಚಿಕಿತ್ಸೆ ಪಡೆದವರಿಗೇ ನೇರ ಕಳಿಸಬೇಕು.

ನನಗೂ ತಿಳಿಯಬೇಕಾದದ್ದು ಒಂದಿದೆ, ಇಲ್ಲ ಅನ್ನುವುದಿಲ್ಲ. ಫ್ಲೋಟರ್ ಅಂದರೆ ಮನೆಗೆಲ್ಲ ಒಂದೇ ಕೊಡ. ಮಗಳು ಎರಡು ಲಕ್ಷ ಬಳಸಿದರೆ ನನ್ನ ಹೆಂಡತಿಯ ಮಂಡಿ ಆಪರೇಷನ್ನಿಗೆ ಅಷ್ಟು ಕಮ್ಮಿ. ಹಾಗಾಗಿ ಎಷ್ಟು ಖರ್ಚಾಯಿತು, ಎಷ್ಟು ಉಳಿದಿದೆ ಅನ್ನುವುದು ನನಗೆ ಬೇಕು. ಯಾವ ವಾರ್ಡು, ಯಾವ ಡಾಕ್ಟರು, ಏನು ಕಾಯಿಲೆ ಅನ್ನುವುದು ಬೇಡ. 18 ದಾಟಿದ ಪ್ರತಿಯೊಬ್ಬರಿಗೂ ಅವರದೇ ಮೊಬೈಲ್ ನಂಬರು, ಅವರದೇ ಇಮೇಲ್. ನನಗೆ ಬರೀ ಮೊತ್ತ. ಇಷ್ಟು ಮಾಡೋಕೆ ಆಗಲ್ವಾ?

ಕಸ್ಟಮರ್ ಕೇರ್‌ಗೆ ಫೋನು ಮಾಡಿ ಮಗಳ ನಂಬರು ಸೇರಿಸಿ ಅಂದೆ. "ಪಾಲಿಸಿಗೆ ಒಂದೇ ನಂಬರ್ ಸರ್, ಪ್ರೊಪೋಸರ್‌ದು." ಪ್ರೊಪೋಸರ್ ಅಂದರೆ ಪಾಲಿಸಿ ಮಾಡಿಸಿದ ನಾನು. ಎರಡನೇ ಸಲ ಮಾಡಿದಾಗಲೂ ಅದೇ.

ಮುಂದಿನ ತಿಂಗಳು ಅವಳಿಗೆ 25. ನಮ್ಮ ಪಾಲಿಸಿಯಿಂದ ಹೊರಬಂದು ಅವಳದೇ ಪಾಲಿಸಿ ಮಾಡಿಸಬೇಕು. ಇನ್ಶೂರೆನ್ಸ್‌ನವರಿಗೆ ಏನನ್ನೂ ಮುಚ್ಚಿಡಬೇಡ ಅಂದೆ. ಇದ್ದ ಕಾಯಿಲೆ ಹೇಳಿದರೆ ಅದಕ್ಕೆ ಹೆಚ್ಚೆಂದರೆ ಮೂರು ವರ್ಷ ಕಾಯಬೇಕಾದೀತು, ಮುಚ್ಚಿಟ್ಟರೆ ಕ್ಲೇಮೇ ಬಿದ್ದುಹೋಗಬಹುದು. ಭಾನುವಾರ ಡೈನಿಂಗ್ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಇಬ್ಬರೂ ಫಾರ್ಮ್ ತುಂಬಿಸುತ್ತಿದ್ದೆವು. ಹೆಸರು, ವಿಳಾಸ, ನಾಮಿನಿ ಆಯಿತು. ಆರೋಗ್ಯದ ಪ್ರಶ್ನೆಗಳ ಪುಟ ತೆರೆಯಿತು. ಅವಳು ಟೈಪ್ ಮಾಡುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು.

ಕೊತ್ತಂಬರಿ ಸೊಪ್ಪು ತರುವುದಿತ್ತು, ಚೀಲ ತಗೊಂಡು ಹೊರಟೆ.