ಬಡಿಸುವವರಿಲ್ಲದ ಊಟ

ಪ್ರವಾಸಿ ಹಡಗಿನ ಬಫೆಯಲ್ಲಿ ಮನಸ್ತಾಪ ಹುಟ್ಟುವುದು ಊಟಕ್ಕಲ್ಲ, ಮೇಜಿಗೆ. ತಿನ್ನುವುದಕ್ಕೇನು, ಬೆಳಗಿನಿಂದ ರಾತ್ರಿಯವರೆಗೆ ಬೇಕಾದಷ್ಟು ಇರುತ್ತದೆ. ಸಿಗದಿರುವುದು ಕಿಟಕಿ ಪಕ್ಕದ ನಾಲ್ಕು ಕುರ್ಚಿ. ಒಬ್ಬರು ಅದರ ಮೇಲೆ ಟೋಪಿ ಇಟ್ಟು ಹೋಗಿರುತ್ತಾರೆ, ಇನ್ನೊಬ್ಬರು ಅರ್ಧ ಓದಿದ ಪುಸ್ತಕ, ಮತ್ತೊಬ್ಬರು ಈಜುಕೊಳದ ಒದ್ದೆ ಟವೆಲ್. ಆ ಕುಟುಂಬವೋ ಎಲ್ಲೋ ಐಸ್‌ಕ್ರೀಮ್ ಸಾಲಿನಲ್ಲಿರುತ್ತದೆ. ತುಂಬಿದ ತಟ್ಟೆ ಒಂದು ಕೈಯಲ್ಲಿ, ತುಳುಕುವ ಕಾಫಿ ಇನ್ನೊಂದು ಕೈಯಲ್ಲಿ ಹಿಡಿದ ವಯಸ್ಸಾದವರು ಆ ಟೋಪಿಯ ಮುಂದೆ ನಿಂತು, ಅದನ್ನು ಸರಿಸಬಹುದೋ ಬಾರದೋ ಎಂದು ಯೋಚಿಸುತ್ತಿರುತ್ತಾರೆ.

ನಾನಿರುವ ಸಿಂಗಪುರದಲ್ಲಿ ಜಾಗ ಹಿಡಿಯುವುದು ತಪ್ಪೇ ಅಲ್ಲ. ಇಲ್ಲಿನ ಹಾಕರ್ ಸೆಂಟರ್‌ಗಳಲ್ಲಿ, ಅಂದರೆ ಒಂದೇ ಸೂರಿನಡಿ ಸಾಲು ತಿಂಡಿ ಅಂಗಡಿಗಳಿರುವ ಕಡೆ, ಮೇಜಿನ ಮೇಲೆ ಟಿಶ್ಯೂ ಕಾಗದದ ಪೊಟ್ಟಣ ಇಟ್ಟು ತಿಂಡಿ ತರಲು ಹೋದರೆ, ಬರುವವರೆಗೂ ಆ ಕುರ್ಚಿಯನ್ನು ಯಾರೂ ಮುಟ್ಟುವುದಿಲ್ಲ. ಅದನ್ನು ಚೋಪ್ ಮಾಡುವುದು ಎನ್ನುತ್ತಾರೆ. ತಿಂದ ತಟ್ಟೆಯನ್ನು ತಿಂದವರೇ ಎತ್ತಿಡಬೇಕು ಎಂಬ ನಿಯಮವನ್ನು ಮಾತ್ರ 2021ರ ಸೆಪ್ಟೆಂಬರ್‌ನಿಂದ ಬಿಗಿಯಾಗಿ ಜಾರಿ ಮಾಡುತ್ತಿದ್ದಾರೆ. ಮೊದಲ ಸಲ ಎಚ್ಚರಿಕೆ, ಎರಡನೆಯ ಸಲ ಸಿಕ್ಕಿಬಿದ್ದರೆ 300 ಡಾಲರ್ ದಂಡ. ಹೀಗೆ ಪಳಗಿದ ಜನವೇ ಮರೀನಾ ಬೇಯಲ್ಲಿ ಹಡಗು ಹತ್ತಿದ ಮಧ್ಯಾಹ್ನ ಸಿಗಡಿಯ ತಟ್ಟೆಯ ಸುತ್ತ ಹೇಗೆ ಮುತ್ತುತ್ತಾರೆ ಎಂಬುದನ್ನು ನೋಡಬೇಕು. ಆದ್ದರಿಂದ, ಹಡಗಿನಲ್ಲಿ ನೂಕುನುಗ್ಗಲು ಕಂಡ ತಕ್ಷಣ "ನಮ್ಮ ಭಾರತೀಯರೇ ಹೀಗೆ" ಎಂದು ಗೊಣಗುವ ನಮ್ಮ ಅನಿವಾಸಿ ಬಂಧುಗಳ ಮಾತಿಗೆ ನಾನು ಸೊಪ್ಪು ಹಾಕುವುದಿಲ್ಲ. ಚೀನೀಯರು, ಆಸ್ಟ್ರೇಲಿಯದವರು, ನಮ್ಮವರು, ಎಲ್ಲರೂ ಅಲ್ಲಿ ಒಂದೇ.

ಹಾಗೆಂದು ತುಮಕೂರಿನವನಾದ ನಾನು ಜಾಗ ಹಿಡಿಯುವ ವಿದ್ಯೆಯ ಬಗ್ಗೆ ಯಾರಿಗೂ ಪಾಠ ಹೇಳುವಂತಿಲ್ಲ. ನಮ್ಮ ಬಸ್ ನಿಲ್ದಾಣದಲ್ಲಿ ಬಸ್ಸು ಇನ್ನೂ ತಿರುಗುತ್ತಿರುವಾಗಲೇ ಕಿಟಕಿಯಿಂದ ಕರ್ಚೀಫು ಒಳಗೆ ಬಿದ್ದಿರುತ್ತದೆ. ಕಲ್ಯಾಣ ಮಂಟಪದ ಊಟದ ಮನೆಯಂತೂ ಇನ್ನೂ ಒಂದು ಕೈ ಮೇಲು. ಎರಡನೆಯ ಪಂಕ್ತಿಗೆ ಕಾಯುವವರು ಉಣ್ಣುತ್ತಿರುವವರ ಕುರ್ಚಿಯ ಹಿಂದೆಯೇ ಬಂದು, ಬೆನ್ನಿಗೆ ಹೊಟ್ಟೆ ತಾಗುವಷ್ಟು ಹತ್ತಿರ ನಿಂತು, ಎಲೆಯಲ್ಲಿ ಮಜ್ಜಿಗೆ ಅನ್ನ ಇನ್ನೆಷ್ಟು ಉಳಿದಿದೆ ಎಂದು ಬಗ್ಗಿ ನೋಡುತ್ತಾರೆ. ಉಣ್ಣುವವನಿಗೆ ಹೋಳಿಗೆ ಗಂಟಲಲ್ಲಿ ಇಳಿಯಬೇಕಲ್ಲ!

ಆದರೂ ಒಂದು ವ್ಯತ್ಯಾಸವಿದೆ, ನನ್ನ ವಾದವೆಲ್ಲ ಅದರ ಮೇಲೆಯೇ ನಿಂತಿದೆ. ಪಂಕ್ತಿಯಲ್ಲಿ ಕುರ್ಚಿಗಾಗಿ ಎಷ್ಟೇ ನೂಕಾಡಿದರೂ, ಒಮ್ಮೆ ಕೂತ ಮೇಲೆ ಎಲ್ಲವೂ ತಾನೇ ಸರಿಹೋಗುತ್ತದೆ. ಎಷ್ಟು, ಯಾವಾಗ, ಯಾವುದರ ನಂತರ ಯಾವುದು ಎಂಬುದನ್ನು ಬಡಿಸುವವನು ನೋಡಿಕೊಳ್ಳುತ್ತಾನೆ. ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಆಮೇಲೆ ಅನ್ನ, ತೊವ್ವೆ, ಮೇಲೊಂದು ಮಿಳ್ಳೆ ತುಪ್ಪ. ಸಾರು ಬರುವ ಹೊತ್ತಿಗೆ ಅನ್ನದ ನಡುವೆ ಗುಳಿ ಮಾಡಿಕೊಳ್ಳುವುದಷ್ಟೇ ನಿಮ್ಮ ಕೆಲಸ. ಸಾಕೆಂದರೆ ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಮುಗಿಯಿತು. ಪಕ್ಕದವರ ಊಟ ಮುಗಿಯದೆ ಏಳುವಂತಿಲ್ಲ. ಸಭ್ಯತೆಯ ಭಾರ ಉಣ್ಣುವವನ ಮೇಲೆ ಅಷ್ಟಾಗಿ ಬೀಳುವುದೇ ಇಲ್ಲ. ಬಫೆ ಆ ಭಾರವನ್ನೆಲ್ಲ ಹಸಿದವನ ತಲೆಗೇ ಕಟ್ಟುತ್ತದೆ. ಹಸಿದಿರುವವನು, ದುಡ್ಡು ಕೊಟ್ಟು ಬಂದಿರುವವನು, ಎದುರಿಗೆ ಅರವತ್ತು ಬಗೆ ಇಟ್ಟರೆ ಮಿತಿಯಲ್ಲಿರಬೇಕು ಎಂದರೆ ಯಾವ ನ್ಯಾಯ?

ಅಪ್ಪ ಅಮ್ಮ ಸಿಂಗಪುರಕ್ಕೆ ಬಂದಾಗ ಪೆನಾಂಗ್, ಫುಕೆಟ್ ನೋಡಿ ಬರೋಣವೆಂದು ಅವರನ್ನು ಹಡಗಿಗೆ ಕರೆದುಕೊಂಡು ಹೋಗಿದ್ದೆ. ಮೊದಲ ದಿನ ಕೋಣೆಗಳು ಮಧ್ಯಾಹ್ನದ ತನಕ ಸಿದ್ಧವಿರುವುದಿಲ್ಲ. ಹೀಗಾಗಿ ಬೆನ್ನಿಗೆ ಚೀಲ, ಕೈಯಲ್ಲಿ ಮಗು, ಬಾಯಲ್ಲಿ ಪಾಸ್‌ಪೋರ್ಟು ಎಂಬಂತೆ ಹಡಗಿಗೆ ಹಡಗೇ ಮೇಲಿನ ಡೆಕ್ಕಿನ ಬಫೆಗೆ ನುಗ್ಗುತ್ತದೆ. ಅಮ್ಮ ಖಾಲಿ ತಟ್ಟೆ ಹಿಡಿದು ಒಂದು ಸುತ್ತು ಹಾಕಿದರು, ಎರಡು ಸುತ್ತು ಹಾಕಿದರು. ಅವರು ಒಂದು ಪಾತ್ರೆಯ ಮುಂದೆ ನಿಂತು ಚೀಟಿ ಓದುವಷ್ಟರಲ್ಲಿ ಎಡಗಡೆಯಿಂದ ಒಂದು ಕೈ, ಬಲಗಡೆಯಿಂದ ಒಂದು ಕೈ. ಕೊನೆಗೆ ಬರಿಯ ಮೊಸರು, ಅನ್ನ, ಎರಡು ಹೋಳು ಕಲ್ಲಂಗಡಿ ತಂದು ಕೂತರು. ಯಾಕಮ್ಮ ಇಷ್ಟೇ ಎಂದು ಕೇಳಿದರೆ, "ನಾನೇ ಬಡಿಸಿಕೊಂಡರೆ ಇನ್ನೊಂದು ಸ್ವಲ್ಪ ಹಾಕಿಕೊಳ್ಳಿ ಎನ್ನುವವರು ಯಾರಪ್ಪ?" ಎಂದರು. ಅಪ್ಪನಿಗೆ ಅಂಥ ಸಂಕೋಚವೇನೂ ಇರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಅವರ ತಟ್ಟೆಯಲ್ಲಿ ನೂಡಲ್ಸ್ ಮೇಲೆ ಗುಲಾಬ್ ಜಾಮೂನು ಕೂತಿತ್ತು.

ಸಸ್ಯಾಹಾರಿಗಳ ಪಾಡು ಬೇರೆಯೇ. ಸಿಂಗಪುರದಿಂದ ಹೊರಡುವ ಹಡಗುಗಳಲ್ಲಿ ಭಾರತೀಯರು ತುಂಬ ಇರುವುದರಿಂದ ದಾಲ್, ಪನೀರ್, ಕೆಲವೊಮ್ಮೆ ಜೈನರ ಅಡುಗೆಯೂ ಸಿಗುತ್ತದೆ. ತೊಂದರೆ ಅಡುಗೆಯದ್ದಲ್ಲ, ಇಕ್ಕಳದ್ದು. ಪ್ರತಿ ಪಾತ್ರೆಗೂ ಬೇರೆ ಇಕ್ಕಳ ಇಟ್ಟಿರುತ್ತಾರೆ. ಹತ್ತು ನಿಮಿಷದಲ್ಲಿ ಕೋಳಿಯ ಇಕ್ಕಳ ಹುರಿದ ಆಲೂಗಡ್ಡೆಯಲ್ಲಿರುತ್ತದೆ, ಆಲೂಗಡ್ಡೆಯದ್ದು ಮೀನಿನ ರಸದಲ್ಲಿ ಮುಳುಗಿರುತ್ತದೆ. ಇದು ಮಡಿವಂತಿಕೆಯ ಗೊಣಗಾಟವಲ್ಲ. ಶೇಂಗಾ ಅಥವಾ ಸಿಗಡಿಯ ಅಲರ್ಜಿ ಇರುವ ಮಗುವಿನ ತಾಯಿಗೆ ಅದೇ ಇಕ್ಕಳ ಪ್ರಾಣಸಂಕಟ.

ಇನ್ನು ಕೈ ತೊಳೆಯುವ ವಿಚಾರ. ಹಡಗಿನವರು ಅತಿಯಾಗಿ ಹೆದರುವುದು ನೊರೊವೈರಸ್ಸಿಗೆ. ಅದು ಕೈಯಿಂದ ಇಕ್ಕಳಕ್ಕೆ, ಇಕ್ಕಳದಿಂದ ಮುಂದಿನವರ ಕೈಗೆ ಸಲೀಸಾಗಿ ದಾಟುತ್ತದೆ. ವಾಂತಿ ಭೇದಿ ಶುರುವಾದರೆ ನಡುಸಮುದ್ರದಲ್ಲಿ ಓಡುವುದೆಲ್ಲಿಗೆ? ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹಡಗುಗಳ ನೈರ್ಮಲ್ಯ ತಪಾಸಣೆಗೆಂದೇ 1970ರ ದಶಕದಿಂದ ಒಂದು ವಿಭಾಗ ನಡೆಸುತ್ತಿದೆ. ಅದರ ವ್ಯಾಪ್ತಿಯ ಯಾನಗಳಲ್ಲಿ ಪ್ರಯಾಣಿಕರಲ್ಲಿ ಅಥವಾ ಸಿಬ್ಬಂದಿಯಲ್ಲಿ ಶೇ 3ರಷ್ಟು ಮಂದಿಗೆ ಹೊಟ್ಟೆ ಕೆಟ್ಟರೆ ಅದನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತದೆ. ಆದ್ದರಿಂದಲೇ ಬಫೆಯ ಬಾಗಿಲಲ್ಲಿ ಒಬ್ಬ ಹುಡುಗ ಸ್ಯಾನಿಟೈಸರ್ ಬಾಟಲಿ ಹಿಡಿದು, ಹಾಡು ಹೇಳುತ್ತ, ಬಂದವರನ್ನೆಲ್ಲ ನಗಿಸುತ್ತ ನಿಂತಿರುತ್ತಾನೆ. ಈ ವೈರಸ್ಸಿಗೆ ಆ ದ್ರವ ಅಷ್ಟಾಗಿ ಜಗ್ಗುವುದಿಲ್ಲ, ಸೋಪು ಹಾಕಿ ನೀರಿನಲ್ಲಿ ತಿಕ್ಕಿ ತೊಳೆಯಲೇಬೇಕು. ಹೊಸ ಹಡಗುಗಳು ಬಾಗಿಲಲ್ಲೇ ಕೊಳಾಯಿ ಸಾಲು ಇಟ್ಟಿವೆ. ಅದರ ಪಕ್ಕದಿಂದ ಮೊಬೈಲ್ ನೋಡುತ್ತ ನುಸುಳುವವರ ಸಾಲು ಕೊಳಾಯಿ ಸಾಲಿಗಿಂತ ಉದ್ದ.

ಎರಡನೆಯ ಸಲ ಬಡಿಸಿಕೊಳ್ಳಲು ಹೋಗುವಾಗ ತಿಂದ ತಟ್ಟೆ ಬಿಟ್ಟು ಹೊಸ ತಟ್ಟೆ ತೆಗೆದುಕೊಳ್ಳಿ ಎಂದು ಅಲ್ಲಿ ಫಲಕ ಹಾಕಿರುತ್ತಾರೆ. ನಮ್ಮ ಊಟದ ಮನೆಯಲ್ಲಿ ಅದಕ್ಕೆ ಫಲಕ ಬೇಕಿಲ್ಲ. ಸೌಟು ಎಲೆಗೆ ತಾಗದ ಹಾಗೆ ಮೇಲಿನಿಂದ ಬಿಡುವುದು ಬಡಿಸುವವನು ಮೊದಲ ದಿನವೇ ಕಲಿಯುವ ಪಾಠ. ತಾಗಿದರೆ ಅಜ್ಜಿಯರು ಇಡೀ ಬಕೆಟ್ಟನ್ನೇ ವಾಪಸು ಕಳಿಸುತ್ತಿದ್ದರು.

ವ್ಯರ್ಥದ ಮಾತು ಬಂದರೆ ನಾವೂ ತಲೆ ತಗ್ಗಿಸಬೇಕು. ಹಡಗಿನಲ್ಲಿ ಕಣ್ಣಿಗೆ ಬೇಕೆನಿಸಿದ್ದನ್ನೆಲ್ಲ ಪೇರಿಸಿಕೊಂಡು ಮುಕ್ಕಾಲು ಬಿಡುತ್ತಾರೆ, ಮದುವೆ ಮನೆಯಲ್ಲಿ ಬೇಡ ಬೇಡ ಎಂದರೂ ಉಪಚಾರದ ಹೆಸರಿನಲ್ಲಿ ಎರಡನೆಯ ಹೋಳಿಗೆ ಬೀಳುತ್ತದೆ, ಅದು ಎಲೆಯೊಂದಿಗೆ ಮಡಿಸಿ ಹೋಗುತ್ತದೆ. ಹಡಗಿನಲ್ಲಿ ಬಿಟ್ಟದ್ದು ಎಲ್ಲಿಗೆ ಹೋಗುತ್ತದೆಂದು ಹೆಚ್ಚಿನವರು ಕೇಳುವುದಿಲ್ಲ. ಹಡಗುಗಳು ಸಮುದ್ರವನ್ನು ಕೆಡಿಸದಂತೆ ತಡೆಯುವ ಅಂತರರಾಷ್ಟ್ರೀಯ ಮಾರ್ಪೋಲ್ ನಿಯಮದಂತೆ ಅದನ್ನು 25 ಮಿಲಿಮೀಟರಿಗಿಂತ ಸಣ್ಣದಾಗಿ ಅರೆದು, ದಡದಿಂದ ಕನಿಷ್ಠ 3 ನಾಟಿಕಲ್ ಮೈಲಿ ಆಚೆ ಸಮುದ್ರಕ್ಕೆ ಬಿಡಬಹುದು. ಮೆಡಿಟರೇನಿಯನ್, ಬಾಲ್ಟಿಕ್‌ನಂಥ ವಿಶೇಷ ಪ್ರದೇಶಗಳಲ್ಲಿ ಅದು 12 ಮೈಲಿ. ಮಂಟಪದ ಹಿಂದೆ ದನಗಳಾದರೂ ಇರುತ್ತವೆ.

ಇಷ್ಟು ಜನಕ್ಕೆ ಕೂರಿಸಿ ಬಡಿಸುವುದು ಸಾಧ್ಯವೇ ಎಂದು ಬಫೆಯ ಪರ ಇರುವವರು ಕೇಳುತ್ತಾರೆ. 2024ರಲ್ಲಿ ಯಾನ ಆರಂಭಿಸಿದ ಐಕಾನ್ ಆಫ್ ದಿ ಸೀಸ್ ಹಡಗು ಹೆಚ್ಚೆಂದರೆ ಸುಮಾರು 7,600 ಪ್ರಯಾಣಿಕರನ್ನು ಹೊರಬಲ್ಲದು. ದೊಡ್ಡ ಸಂಖ್ಯೆಯೇ. ಆದರೆ ನಮ್ಮೂರಿನ ಮಗ್ಗುಲಲ್ಲಿ, ಕ್ಯಾತ್ಸಂದ್ರದ ಹತ್ತಿರ, ಸಿದ್ಧಗಂಗಾ ಮಠದಲ್ಲಿ ಸಾವಿರಾರು ವಿದ್ಯಾರ್ಥಿಗಳು ದಿನವೂ ಉಣ್ಣುತ್ತಾರೆ. 2019ರ ಜನವರಿಯಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ದಶಕಗಳ ಕಾಲ ಬೆಳೆಸಿದ ದಾಸೋಹ ಅದು. ಮಕ್ಕಳು ಸಾಲಾಗಿ ನೆಲದ ಮೇಲೆ ಕೂರುತ್ತಾರೆ, ಪ್ರಾರ್ಥನೆ ಆಗುತ್ತದೆ, ಬಡಿಸುವವರು ಬರುತ್ತಾರೆ. ಅಲ್ಲಿ ಬಗೆ ಕಡಿಮೆ ಎಂಬುದು ನಿಜ, ಹಡಗಿನ ಅರವತ್ತು ಬಗೆಯನ್ನು ಬಕೆಟ್ಟಿನಲ್ಲಿ ಹೊತ್ತು ಬಡಿಸಲಾಗದು ಎಂಬುದೂ ನಿಜ. ಆದರೆ ಜನಸಂಖ್ಯೆಯ ನೆಪ ನಿಲ್ಲುವುದಿಲ್ಲ.

ತಮಾಷೆಯೆಂದರೆ ಹಡಗಿನಲ್ಲೇ ಪಂಕ್ತಿ ಇದೆ. ಕೆಳಗಿನ ಡೆಕ್ಕುಗಳಲ್ಲಿ ಮುಖ್ಯ ಭೋಜನಶಾಲೆ ಇರುತ್ತದೆ. ಬಿಳಿ ಬಟ್ಟೆ ಹಾಸಿದ ಮೇಜು, ಕೂರಿಸಿ ಬಡಿಸುವ ಸಿಬ್ಬಂದಿ. ಬಹುಪಾಲು ಹಡಗುಗಳಲ್ಲಿ ಅದು ಟಿಕೆಟ್ಟಿನ ಹಣದಲ್ಲೇ ಸೇರಿರುತ್ತದೆ. ಆದರೂ ಅಲ್ಲಿ ಕೋಟು ಬೇಕೇನೋ, ಬೇರೆ ಹಣ ಕೇಳುತ್ತಾರೇನೋ ಎಂದು ನಮ್ಮವರು ಅತ್ತ ಸುಳಿಯುವುದಿಲ್ಲ. ಎರಡನೆಯ ರಾತ್ರಿಯಿಂದ ನಾವು ಅಲ್ಲಿಗೇ ಹೋದೆವು. ಬಡಿಸುತ್ತಿದ್ದ ಇಂಡೋನೇಷ್ಯಾದ ಹುಡುಗನಿಗೆ ಅಮ್ಮ ಮೊದಲ ದಿನವೇ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ತೋರಿಸಿದರು, ಅವನಿಗೆ ಅರ್ಥವಾಯಿತು. ಮರುದಿನ ಅವರು ಕೈ ಅಡ್ಡ ಹಿಡಿದ ಮೇಲೂ ಅವನು ನಗುತ್ತ ಒಂದು ಚಮಚ ಹೆಚ್ಚಿಗೇ ಹಾಕಿದ. ಅವರು ಆ ಪ್ರವಾಸದಲ್ಲಿ ಹೊಟ್ಟೆ ತುಂಬ ಉಂಡದ್ದು ಅಂದೇ.

ಕೊರೊನಾ ಕಾಲದಲ್ಲಿ ಬಫೆಗೂ ಇದೇ ಬುದ್ಧಿ ಬಂದಿತ್ತು. 2020ರ ಕೊನೆಯಲ್ಲಿ ಸಿಂಗಪುರದಿಂದ ಯಾವ ಬಂದರಿಗೂ ಹೋಗದೆ ಸಮುದ್ರದಲ್ಲಿ ಸುತ್ತಿ ಬರುವ ಯಾನಗಳು ಶುರುವಾದಾಗ, ಇಕ್ಕಳ ಪ್ರಯಾಣಿಕರ ಕೈಗೆ ಸಿಗುತ್ತಿರಲಿಲ್ಲ. ಗಾಜಿನ ಆಚೆ ಸಿಬ್ಬಂದಿ ನಿಂತು, ಬೆರಳು ತೋರಿಸಿದ್ದನ್ನು ಹಾಕಿ ಕೊಡುತ್ತಿದ್ದರು. ಎದುರಿಗಿರುವ ಮನುಷ್ಯನನ್ನು ನೋಡಿ ಇನ್ನೂ ಆರು ತುಂಡು ಹಾಕು ಎಂದು ಕೇಳಲು ಯಾರಿಗಾದರೂ ನಾಲಿಗೆ ತಡವರಿಸುತ್ತದೆ. ಆ ಪದ್ಧತಿಯನ್ನು ಏಕೆ ಬಿಟ್ಟರೋ. ಸಂಬಳದ ಲೆಕ್ಕವೇ ಇರಬೇಕು.

ನಾವು ಪಂಕ್ತಿಯನ್ನು ಬಿಡುತ್ತಿರುವುದಕ್ಕೂ ಕಾರಣ ಅದೇ. ಊರಿನಲ್ಲಿ ಈಗ ಮುಹೂರ್ತದ ಊಟ ಎಲೆಯ ಮೇಲೆ ಉಳಿದಿದ್ದರೂ ಆರತಕ್ಷತೆ ಬಫೆಗೆ ಹೋಗಿದೆ. ಮಂಡಿ ನೋವಿನ ಸೋದರತ್ತೆಯರು ತಟ್ಟೆ ಹಿಡಿದು ಗೋಡೆಗೆ ಒರಗಿ ನಿಲ್ಲುತ್ತಾರೆ. ಗೋಬಿ ಮಂಚೂರಿ ಮುಂದೆ ಮಕ್ಕಳ ದಂಡು. ಹಡಗಿನಲ್ಲಿ ಚಮಚದಿಂದ ತಿನ್ನುವವರಾದ್ದರಿಂದ ಅಷ್ಟಾಗಿ ಗೊತ್ತಾಗದ ತೊಡಕು ಇಲ್ಲಿ ಎದ್ದು ಕಾಣುತ್ತದೆ: ಕೈಯಲ್ಲಿ ಉಣ್ಣುವವರು ಎರಡನೆಯ ಸಲ ಬಂದಾಗ ಸೌಟು ಹಿಡಿಯುವುದು ಯಾವ ಕೈಯಲ್ಲಿ? ಬಲಗೈ ಎಂಜಲು. ಎಡಗೈಯಲ್ಲಿ ತಟ್ಟೆ. ತಟ್ಟೆಯನ್ನು ಬಲಗೈಯ ಮಣಿಕಟ್ಟಿನ ಮೇಲೆ ಕೂರಿಸಿ ಎಡಗೈಯಿಂದ ಬಿಸಿಬೇಳೆಬಾತ್ ತೋಡುವ ಸರ್ಕಸ್ಸನ್ನು ನಾನು ಬಿ.ಎಚ್. ರಸ್ತೆಯ ಮಂಟಪಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಸಂಕೋಚವಿಲ್ಲದವರು ಎಂಜಲು ಕೈಯಲ್ಲೇ ಸೌಟು ಹಿಡಿಯುತ್ತಾರೆ, ಹಿಂದಿನವರು ಮುಖ ತಿರುಗಿಸಿ ಮೊಸರನ್ನದ ಕಡೆ ನಡೆಯುತ್ತಾರೆ. ಹಡಗಿನ ಕಷ್ಟವೂ ಇದೆ, ಹಡಗಿನ ಕೊಳಾಯಿ ಸಾಲು ಮಾತ್ರ ಇಲ್ಲ.

ತಂಗಿಯ ಮಗಳ ಮದುವೆ ಹತ್ತಿರ ಬಂದಿದೆ, ಆರತಕ್ಷತೆಗೆ ಬಫೆಯೆಂದು ಅಡುಗೆಯವರಿಗೆ ಮುಂಗಡವೂ ಹೋಗಿದೆ. ಫೋನಿನಲ್ಲಿ ನನ್ನ ಈ ಭಾಷಣವನ್ನೆಲ್ಲ ಕೇಳಿಸಿಕೊಂಡ ತಂಗಿ, "ಅಣ್ಣ, ಮೊದಲಾದರೆ ಬೀದಿಯ ಹುಡುಗರೇ ಸೊಂಟಕ್ಕೆ ಟವೆಲ್ ಕಟ್ಟಿ ಬಡಿಸುತ್ತಿದ್ದರು. ಈಗ ಅವರೆಲ್ಲ ಬೆಂಗಳೂರಿನಲ್ಲಿದ್ದಾರೆ, ನೀನು ಸಿಂಗಪುರದಲ್ಲಿದ್ದೀಯ. ಬಡಿಸುವವರು ಯಾರು?" ಎಂದಳು. ಉತ್ತರ ಹೊಳೆಯಲಿಲ್ಲ. ಪಂಕ್ತಿ ಬೇಡ, ಬಫೆಯೇ ಇರಲಿ, ಒಂದೊಂದು ಪಾತ್ರೆಯ ಹಿಂದೆ ಒಬ್ಬರನ್ನು ಸೌಟು ಹಿಡಿದು ನಿಲ್ಲಿಸು, ಅರವತ್ತು ದಾಟಿದವರಿಗೆಂದು ಒಂದು ಸಾಲು ಮೇಜು ಕುರ್ಚಿ ಹಾಕಿಸು ಎಂದು ಚೌಕಾಸಿಗೆ ಇಳಿದೆ. ಕುರ್ಚಿಗೆ ಒಪ್ಪಿದ್ದಾಳೆ. ಸೌಟು ಹಿಡಿಯುವವರ ಕೂಲಿಯನ್ನು ನನ್ನ ಲೆಕ್ಕಕ್ಕೆ ಬರೆದಿದ್ದಾಳೆ.